ಡ್ರಮ್ಮರ್ ಕಟ್ಟಿದ ಜಾಝ್ ಫ್ಯೂಷನ್ ಬ್ಯಾಂಡ್: ಮೊದಲು ಯಾವ ಆಲ್ಬಮ್ ಕೇಳಲಿ?

ಹಾಸನದಲ್ಲಿ ಡ್ರಮ್ಸ್ ಕಲಿಯುತ್ತಿದ್ದೇನೆ, ಡ್ರಮ್ಮರೇ ಮುಂದೆ ನಿಂತ ಆಲ್ಬಮ್ ಹೇಳಿ ಅಂತ ಕೇಳಿದ್ದೀರಿ. ಡ್ರಮ್ಮರ್ ಟೋನಿ ವಿಲಿಯಮ್ಸ್ ಕಟ್ಟಿದ, ಜಾಝ್‌ಗೆ ರಾಕ್ ಬೆರೆಸಿದ (ಅದೇ ಫ್ಯೂಷನ್) ಲೈಫ್‌ಟೈಮ್ ಬ್ಯಾಂಡಿನ ಮೊದಲ ಆಲ್ಬಮ್ ‘ಎಮರ್ಜೆನ್ಸಿ!’ ಕೇಳಿ. 1969ರದ್ದು.

ಟೋನಿ 17ನೇ ವಯಸ್ಸಿಗೇ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಬ್ಯಾಂಡ್ ಸೇರಿದ್ದ. ಇದನ್ನು ರೆಕಾರ್ಡ್ ಮಾಡುವಾಗ ಅವನಿಗೆ 23. ಗಿಟಾರ್ ಜಾನ್ ಮೆಕ್‌ಲಾಫ್ಲಿನ್, ಆರ್ಗನ್ ಲ್ಯಾರಿ ಯಂಗ್. ಮೂರೇ ಜನ. ಬೇಸ್ ಗಿಟಾರ್ ಇಲ್ಲವೇ ಇಲ್ಲ, ಆ ಕೆಲಸವೂ ಆರ್ಗನ್ನಿನದೇ.

ಬೇಲೂರು ತೇರಿಗೆ ಹೋದಾಗ ವಾಲಗದವರ ಡೋಲು ಕೇಳಿದ್ದೀರಿ, ಅಲ್ವಾ? ಡೋಲಿನವರು ಸುಮ್ನೆ ತಾಳ ಹಿಡಿದು ಕೂರುವುದಿಲ್ಲ, ನಾದಸ್ವರಕ್ಕೆ ಎದುರುತ್ತರ ಕೊಡುತ್ತಾರೆ. ಟೋನಿಯೂ ಹಾಗೇ. ರೈಡ್ ಸಿಂಬಲ್ (ಲಯ ಹಿಡಿಯುವ ದೊಡ್ಡ ಕಂಚಿನ ತಟ್ಟೆ) ತನ್ನ ಪಾಡಿಗೆ ಓಡುತ್ತಿದ್ದರೆ, ಸ್ನೇರ್ (ಚುರುಕು ದನಿಯ ಚಿಕ್ಕ ಡ್ರಮ್) ಗಿಟಾರಿನ ಜೊತೆ ಜಗಳ ತೆಗೆಯುತ್ತದೆ. ಮೊದಲ ಸಲ ಗಿಟಾರ್ ಮರೆತು ಸಿಂಬಲ್ ಮಾತ್ರ ಹಿಂಬಾಲಿಸಿ. ಎರಡನೇ ಸಲ ಸ್ನೇರ್.

ರೆಕಾರ್ಡಿಂಗ್ ಮಾತ್ರ ಒರಟು, ಕೆಲವು ಕಡೆ ಶಬ್ದ ಒಡೆಯುತ್ತದೆ. ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ, ಹೆದರಬೇಡಿ. ಟೋನಿ ಹಾಡಿಯೂ ಇದ್ದಾನೆ. ಅದು ನನಗೆ ಅಷ್ಟಕ್ಕಷ್ಟೆ.

ಇದು ಜಾಸ್ತಿ ಆಯ್ತು ಅನಿಸಿದರೆ ಬಿಲ್ಲಿ ಕಾಬಮ್‌ನ ‘ಸ್ಪೆಕ್ಟ್ರಮ್’ ಹಾಕಿ. 1973ರದ್ದು, ಅದೂ ಒಬ್ಬ ಡ್ರಮ್ಮರನ ಮೊದಲ ಸ್ವಂತ ಆಲ್ಬಮ್. ಲಯ ಬೇಗ ಕಾಲಿಗೆ ಹತ್ತುತ್ತದೆ, ಕಲಿಯುವವರಿಗೆ ಜೊತೆಗೆ ಬಾರಿಸಿ ನೋಡಲೂ ಇದೇ ಸುಲಭ.

ಅಂದಹಾಗೆ, ಮುಂದೆ ತಬಲಾದ ಜಾಕಿರ್ ಹುಸೇನ್, ಘಟಂನ ವಿಕ್ಕು ವಿನಾಯಕರಾಮ್ ಅವರ ಜೊತೆ, ಜಾಝ್‌ಗೆ ಭಾರತೀಯ ಸಂಗೀತ ಬೆರೆಸಿದ ‘ಶಕ್ತಿ’ ತಂಡ ಕಟ್ಟಿದ್ದು ಇದೇ ಮೆಕ್‌ಲಾಫ್ಲಿನ್.