ಮಂಪರು ಇಂಜೆಕ್ಷನ್ ಕೊಟ್ಟಾಗ ಮಿದುಳು ಆಫ್ ಆಗುತ್ತಾ?

ಅಪ್ಪಾಜಿಯನ್ನು ಚಿತ್ರದುರ್ಗದಿಂದ ದಾವಣಗೆರೆಗೆ ಕರೆತಂದು ಎಂಡೋಸ್ಕೋಪಿ ಮಾಡಿಸಿದಿರಿ. ಮಂಪರು ಬರೋ ಇಂಜೆಕ್ಷನ್ ಕೊಟ್ಟಿದ್ದರು. ಡಾಕ್ಟರ್ ಹೇಳಿದ ಹಾಗೆ ಅಪ್ಪಾಜಿ ಮಗ್ಗುಲಾದರು, ಕೇಳಿದ್ದಕ್ಕೆ ಹೂಂ ಅಂದರು. ಹೊರಗೆ ಬಂದ ಮೇಲೆ ಮಾತ್ರ ಒಂದೂ ನೆನಪಿಲ್ಲ. ಆ ಹೊತ್ತಿನಲ್ಲಿ ಮಿದುಳು ಆಫ್ ಆಗಿತ್ತಾ, ಮುಂದಿನ ವಾರ ಅವ್ವನಿಗೂ ಇದನ್ನೇ ಮಾಡಿಸಬೇಕು, ಭಯ ಪಡಬೇಕಾ ಎಂದು ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಅನಸ್ತೇಶಿಯಾ ಡಾಕ್ಟರ್. ಈ ಪ್ರಶ್ನೆಯನ್ನು ಓ.ಟಿ. ಬಾಗಿಲಲ್ಲಿ ವಾರಕ್ಕೆರಡು ಸಲವಾದರೂ ಯಾರಾದರೂ ನನ್ನನ್ನು ಕೇಳುತ್ತಾರೆ. ಅಲ್ಲಿ ನಿಂತು ಪೂರ್ತಿ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ಮಿದುಳು ಆಫ್ ಆಗುವುದಿಲ್ಲ. ಅದರ ಭಾಗಗಳು ಒಂದರ ಜೊತೆ ಒಂದು ಮಾತಾಡುವುದು ಕಮ್ಮಿಯಾಗುತ್ತದೆ.

ನಾನು ಹುಟ್ಟಿ ಬೆಳೆದಿದ್ದು ದುರ್ಗದಲ್ಲೇ. ಹಾಗಾಗಿ ನನಗೆ ಯಾವಾಗಲೂ ಕೋಟೆಯೇ ನೆನಪಾಗುತ್ತದೆ. ಏಳು ಸುತ್ತು, ಸುತ್ತಿಗೊಂದಿಷ್ಟು ಬತೇರಿ (ಕಾವಲು ಬುರುಜು), ಬತೇರಿಗೊಬ್ಬ ಕಾವಲುಗಾರ. ಓಬವ್ವನ ಕಥೆಯಲ್ಲಿ ಅವಳ ಗಂಡನ ಕೆಲಸ ಕಹಳೆ ಊದುವುದು, ಅಲ್ವಾ? ಒಬ್ಬ ಕಾವಲುಗಾರ ಕಂಡಿದ್ದು ಇಡೀ ಕೋಟೆಗೆ ಗೊತ್ತಾಗಬೇಕಾದರೆ ಕಹಳೆ ಕೇಳಿಸಬೇಕು. ಮಂಪರಿನಲ್ಲಿ ಕಾವಲುಗಾರರು ಇದ್ದಲ್ಲೇ ಇರುತ್ತಾರೆ. ಕಹಳೆ ಮಾತ್ರ ಮುಂದಿನ ಬತೇರಿಗೆ ಕೇಳಿಸುವುದಿಲ್ಲ.

ಇದು ನಾನು ಸುಮ್ನೆ ಹೇಳುವ ಮಾತಲ್ಲ. 2005ರಲ್ಲಿ ಮಿದುಳು ಸಂಶೋಧಕ ಮಾರ್ಸೆಲ್ಲೊ ಮಾಸಿಮಿನಿ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ತಲೆಯ ಹೊರಗಿನಿಂದ ಅಯಸ್ಕಾಂತದ ಒಂದು ಸಣ್ಣ ತಟ್ಟು ಕೊಟ್ಟು, ಮಿದುಳಿನಲ್ಲಿ ಅದರ ಅಲೆ ಎಲ್ಲಿಯವರೆಗೆ ಹೋಗುತ್ತದೆ ಎಂದು ಇಇಜಿಯಲ್ಲಿ, ಅಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆಯಲ್ಲಿ, ನೋಡಿದರು. ಎಚ್ಚರ ಇದ್ದವರಲ್ಲಿ ಅಲೆ ಒಂದು ಭಾಗದಿಂದ ಇನ್ನೊಂದಕ್ಕೆ ಹಾದು, ಸೆಕೆಂಡಿನ ಮೂರನೇ ಒಂದು ಭಾಗದವರೆಗೂ ಓಡಾಡಿತು. ಕನಸಿಲ್ಲದ ಗಾಢ ನಿದ್ರೆಯಲ್ಲಿ ತಟ್ಟಿದ ಜಾಗದಲ್ಲೇ ಎದ್ದು ಅಲ್ಲೇ ಆರಿಹೋಯಿತು. 2010ರಲ್ಲಿ ಮಿಡಜೋಲಾಮ್ ಕೊಟ್ಟು ಪ್ರಜ್ಞೆ ತಪ್ಪಿಸಿದವರಲ್ಲಿ ಇದನ್ನೇ ಮಾಡಿದಾಗಲೂ ಅಲೆ ಹತ್ತಿರದಲ್ಲೇ ನಿಂತಿತು. ಮಿಡಜೋಲಾಮ್ ಅಂದರೆ ಎಂಡೋಸ್ಕೋಪಿಗೆ ತುಂಬಾ ಕಡೆ ಕೊಡುವ ಔಷಧ. ಬಹುಶಃ ನಿಮ್ಮ ಅಪ್ಪಾಜಿಗೆ ಕೊಟ್ಟಿದ್ದೂ ಅದೇ, ಆದರೆ ಪ್ರಯೋಗದವರಿಗಿಂತ ಕಮ್ಮಿ ಪ್ರಮಾಣದಲ್ಲಿ.

ಇನ್ನೊಂದು ಪ್ರೊಪೊಫಾಲ್. ಹಾಲಿನ ಹಾಗೆ ಬೆಳ್ಳಗಿರುತ್ತದೆ, ಸೋಯಾ ಎಣ್ಣೆಯಲ್ಲಿ ಬೆರೆಸಿರುತ್ತಾರೆ. ಕೈಯ ರಕ್ತನಾಳಕ್ಕೆ ಕೊಟ್ಟರೆ ಅರ್ಧ ನಿಮಿಷ ಚಿಲ್ಲರೆಯಲ್ಲಿ ಕಣ್ಣು ಮುಚ್ಚುತ್ತದೆ. 2012ರಲ್ಲಿ ಅಮೆರಿಕದ ಸಂಶೋಧಕರು, ಮೂರ್ಛೆರೋಗದ ಚಿಕಿತ್ಸೆಗಾಗಿ ಮೊದಲೇ ಮಿದುಳಿನೊಳಗೆ ತಂತಿ ಇಟ್ಟಿದ್ದ ರೋಗಿಗಳಲ್ಲಿ ಇದರ ಕೆಲಸ ನೋಡಿದರು. ಪ್ರಜ್ಞೆ ಹೋದ ಮೇಲೂ ನರಕೋಶಗಳು ಕೆಲಸ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಮಿಡಿದು, ಸ್ವಲ್ಪ ಹೊತ್ತು ಸುಮ್ಮನಾಗಿ, ಮತ್ತೆ ಮಿಡಿಯುತ್ತಿದ್ದವು. ಆದರೆ ದೂರದೂರದ ಭಾಗಗಳ ಸರದಿ ಬೇರೆ ಬೇರೆ. ಈ ಕಡೆಯವನು ಕೂಗುವಾಗ ಆ ಕಡೆಯವನು ಮಲಗಿರುತ್ತಾನೆ, ಅವನು ಎದ್ದಾಗ ಇವನು ಮಲಗಿರುತ್ತಾನೆ. ಇಬ್ಬರೂ ಇದ್ದಾರೆ, ಮಾತು ಮಾತ್ರ ಕೂಡುವುದಿಲ್ಲ. ಇಷ್ಟು ವರ್ಷವಾದರೂ ಇದನ್ನು ನೆನೆಸಿಕೊಂಡರೆ ನನಗೆ ಮೈ ಜುಮ್ಮೆನ್ನುತ್ತದೆ.

ಇದು ಹೇಗಾಗುತ್ತದೆ ಅಂದರೆ, ಮಿದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕ ಮೊದಲೇ ಇದೆ. ಪಕ್ಕದ ನರಕೋಶಕ್ಕೆ 'ತಡಿ' ಅನ್ನುವುದು ಅದರ ಕೆಲಸ. ಈ ಎರಡೂ ಔಷಧ ಆ 'ತಡಿ'ಯನ್ನು ಜೋರು ಮಾಡುತ್ತವೆ. ಮಿದುಳಿನ ನಡುವೆ ಥಾಲಮಸ್ ಅಂತ ಒಂದು ಭಾಗವಿದೆ, ಎಡಕ್ಕೊಂದು ಬಲಕ್ಕೊಂದು, ಸಣ್ಣ ಅಡಿಕೆಕಾಯಿಯಷ್ಟು. ಕಣ್ಣು, ಕಿವಿ, ಚರ್ಮದ ಸುದ್ದಿ ಹೊರಪದರಕ್ಕೆ ಹೋಗುವುದು ಇದರ ಮೂಲಕ. ಮಂಪರು ಆಳವಾದಂತೆ ಇದಕ್ಕೂ ಹೊರಪದರಕ್ಕೂ ಇರುವ ಸಂಪರ್ಕ ಸಡಿಲವಾಗುತ್ತದೆ. ಹಣೆಯ ಹಿಂದಿನ ಭಾಗದಿಂದ ಹಿಂಬದಿಗೆ ಹೋಗುವ ಮಾತೂ ಕುಗ್ಗುತ್ತದೆ. 'ಕೇಳಿಸಿತು, ಆದರೆ ಅದೇನು?' ಎಂದು ವಿಚಾರಿಸುವ ದಾರಿ ಅದು. ಶಬ್ದ ಕಿವಿಗೆ ಸಂಬಂಧಪಟ್ಟ ಭಾಗವನ್ನು ಆಗಲೂ ಮುಟ್ಟಬಹುದು. ಅಲ್ಲಿಂದ ಮುಂದೆ ಅದು ಅರ್ಥವಾಗಿ ಬೆಳೆಯುವುದಿಲ್ಲ.

ಹಾಗಾದರೆ ಅಪ್ಪಾಜಿ ಹೂಂ ಅಂದಿದ್ದು ಹೇಗೆ? ಅವರದು ಹಗುರ ಮಂಪರು. ಕೇಳಿ ಉತ್ತರ ಕೊಡುವಷ್ಟು ಸಂಪರ್ಕ ಉಳಿದಿತ್ತು. ಆದರೆ ಮಿಡಜೋಲಾಮ್ ಹೊಸ ನೆನಪು ಕೂರುವುದನ್ನು ಮೊದಲೇ ತಡೆಯುತ್ತದೆ. ನೆನಪು ಕೂರಬೇಕಾದರೆ ಹಿಪೊಕ್ಯಾಂಪಸ್ ಅನ್ನುವ ಭಾಗ ಸರಿಯಾಗಿ ಕೆಲಸ ಮಾಡಬೇಕು. ಅಪ್ಪಾಜಿ ಆ ಹೊತ್ತನ್ನು ಮರೆತಿದ್ದಲ್ಲ. ಅದು ಅವರೊಳಗೆ ಬರೆಯಲ್ಪಡಲೇ ಇಲ್ಲ.

ಎಲ್ಲ ಔಷಧದ ದಾರಿಯೂ ಒಂದೇ ಅಲ್ಲ. ಐಸಿಯುನಲ್ಲಿ ಡೆಕ್ಸ್‌ಮೆಡಿಟೊಮಿಡಿನ್ ಕೊಡುತ್ತೇವೆ. ಅದು ಮಿದುಳಿನ ಕಾಂಡದಲ್ಲಿ ಎಚ್ಚರ ಕಾಯುವ ಒಂದು ಪುಟ್ಟ ಜಾಗವನ್ನು ಸುಮ್ಮನಾಗಿಸುತ್ತದೆ. ಅದರಿಂದ ಬರುವ ಮಂಪರು ಸಹಜ ನಿದ್ರೆಗೆ ಹತ್ತಿರ. "ಅಜ್ಜಾರೆ, ಕಣ್ಣು ಬಿಡ್ರಿ" ಅಂದರೆ ಬಿಡುತ್ತಾರೆ, ಅವರ ಪಾಡಿಗೆ ಬಿಟ್ಟರೆ ಮತ್ತೆ ಮಲಗುತ್ತಾರೆ.

ಇಲ್ಲೊಂದು ನನ್ನ ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೀಗೆ ಹಗುರ ಮಂಪರಿನಲ್ಲಿದ್ದ ಹೊಳಲ್ಕೆರೆ ಕಡೆಯ ತಾಯಿಯೊಬ್ಬರ ಮಂಚದ ಪಕ್ಕದಲ್ಲೇ ನಿಂತು, ಅವರ ಮಗ ಆಸ್ಪತ್ರೆ ಬಿಲ್ಲಿಗೆ ಎಮ್ಮೆ ಮಾರಿದ ಸುದ್ದಿ ಮಾತಾಡಿದೆವು. ಅವರಿಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದೆ. ಮಾರನೇ ದಿನ ಆ ತಾಯಿ ಕೇಳಿದ ಮೊದಲ ಮಾತು, "ಎಮ್ಮಿ ಮಾರಿದ್ನೇನವ್ವ?" ಅಂದಿನಿಂದ ಮಂಪರಿನಲ್ಲಿರುವವರ ಮುಂದೆ ಎಚ್ಚರದವರ ಮುಂದೆ ಮಾತಾಡುವ ಹಾಗೇ ಮಾತಾಡುತ್ತೇನೆ. ಹೊಸ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಸಂಪರ್ಕ ಎಷ್ಟು ಉಳಿದಿದೆ ಎಂದು ಹೊರಗಿನಿಂದ ನೋಡಿದ ಮಾತ್ರಕ್ಕೆ ಹೇಳಲು ಆಗುವುದಿಲ್ಲ.

ಈಗ ಅವ್ವನ ವಿಷಯ. ಔಷಧ ಇಳಿದಂತೆ ಮಿದುಳಿನ ಭಾಗಗಳ ಮಾತುಕತೆ ಮರಳಿ ಕೂಡಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಎಂಡೋಸ್ಕೋಪಿ ಮಂಪರಿಗೆ ಇಷ್ಟು ಹೆದರಬೇಕಿಲ್ಲ. ವಯಸ್ಸಾದವರಿಗೆ ಔಷಧ ಕಮ್ಮಿ ಸಾಕು, ಆದರೆ ಇಳಿಯಲು ಜಾಸ್ತಿ ಹೊತ್ತು ಬೇಕಾಗಬಹುದು. ಅವ್ವ ನಿದ್ದೆ ಮಾತ್ರೆ ನುಂಗುತ್ತಿದ್ದರೆ, ಗೊರಕೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಮುಚ್ಚಿಡದೆ ಮೊದಲೇ ಹೇಳಿ. ಬಿಪಿ, ಶುಗರ್ ಮಾತ್ರೆಗಳನ್ನು ಚೀಟಿ ಸಮೇತ ತನ್ನಿ.

ಹೊಟ್ಟೆ ಖಾಲಿ ಇರಲೇಬೇಕು. ಮಂಪರಿನಲ್ಲಿ ಗಂಟಲಿನ ಕಾವಲೂ ಸಡಿಲವಾಗುತ್ತದೆ, ವಾಂತಿಯಾದರೆ ಶ್ವಾಸಕೋಶಕ್ಕೆ ಇಳಿಯಬಹುದು. ಹಗುರ ತಿಂಡಿಯಾದರೆ 6 ಗಂಟೆ, ಎಣ್ಣೆ ಬೆಣ್ಣೆಯದಾದರೆ 8 ಗಂಟೆ ಬಿಡಬೇಕು. ದಾವಣಗೆರೆಗೆ ಬಂದಿದ್ದೀವಿ ಎಂದು ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ. ದೋಸೆಯನ್ನು ಎಂಡೋಸ್ಕೋಪಿ ಮುಗಿದ ಮೇಲೆ, ಡಾಕ್ಟರ್ ತಿನ್ನಬಹುದು ಎಂದ ನಂತರ ತಿನ್ನಿಸಿ.

ಮುಗಿದ ಮೇಲೆ ಡಾಕ್ಟರ್ ಹೇಳುವುದನ್ನು ನೀವೇ ಬರೆದುಕೊಳ್ಳಿ. ಅವ್ವ ತಲೆ ಆಡಿಸಿ ಹೂಂ ಅಂದರೂ ಆ ಮಾತು ಅವರಲ್ಲಿ ಕೂತಿರದೇ ಇರಬಹುದು. ಆ ದಿನ ಯಾವ ಕಾಗದಕ್ಕೂ ಸಹಿ ಬೇಡ, ಒಲೆ ಮುಂದೆ ಒಬ್ಬರನ್ನೇ ಬಿಡಬೇಡಿ. ದುರ್ಗಕ್ಕೆ 60 ಕಿಲೋಮೀಟರ್ ದಾರಿ. ಬೈಕ್ ಹಿಂದೆ ಕೂರಿಸಿಕೊಂಡು ಹೋಗಬೇಡಿ, ಕಾರು ಮಾಡಿಕೊಂಡು ಪಕ್ಕದಲ್ಲಿ ಕೂತುಕೊಳ್ಳಿ.