ಕುತ್ತಿಗೆ ಸುತ್ತಿಸಿದರೆ ನೋವು ಜಾಸ್ತಿಯಾಗ್ತಿದ್ಯಾ?
ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆ, ಭುಜ ಬಿಗಿಯುತ್ತದೆ, ತಲೆ ಪೂರ್ತಿ ಸುತ್ತಿಸಿದರೆ ನೋವು ಜಾಸ್ತಿ, ಮುಂದುವರಿಸಲಾ ಅಂತ ಕೇಳಿದ್ದೀರಿ. ಬೇಡ, ಆ ಸುತ್ತು ಬಿಟ್ಟುಬಿಡಿ.

ಕುರ್ಚಿಯಲ್ಲಿ ನೇರ ಕೂತು, ಬಲಗೈಯಿಂದ ಕುರ್ಚಿಯ ಅಂಚು ಹಿಡಿದು, ಎಡಗಿವಿಯನ್ನು ಎಡಭುಜದ ಕಡೆಗೆ ಬಾಗಿಸಿ. ಇನ್ನೊಂದು ಕೈಯಿಂದ ತಲೆ ಎಳೆಯಬೇಡಿ, ತಲೆಯ ಭಾರವೇ ಸಾಕು. ನಾಲ್ಕೈದು ಉಸಿರು ಹಾಗೇ ಇರಿ. ಉಸಿರು ಬಿಡುವಾಗ ಬಲಭುಜ ತಾನಾಗೇ ಸ್ವಲ್ಪ ಇಳಿಯುತ್ತದೆ, ಗಮನಿಸಿ. ಆಮೇಲೆ ಇನ್ನೊಂದು ಬದಿ.

ನನ್ನ ಪ್ರಕಾರ ಭುಜ ಸಡಿಲಿಸುವುದೇ ಇನ್ನೂ ಮುಖ್ಯ. ಬೆರಳ ತುದಿ ಭುಜದ ಮೇಲಿಟ್ಟು, ಮೊಣಕೈಯಿಂದ ನಿಧಾನಕ್ಕೆ ದೊಡ್ಡ ವೃತ್ತ ಬರೆಯಿರಿ. ಮಾರ್ಜಾಲಾಸನವೂ (ಕೈ, ಮಂಡಿ ಊರಿ ಬೆಕ್ಕಿನಂತೆ ಬೆನ್ನು ಬಾಗಿಸುವ ಆಸನ) ಒಳ್ಳೆಯದೇ. ಕೈಗೆ ಜೋಮು, ಸೆಳೆತ ಹರಡುತ್ತಿದ್ದರೆ ಎಲ್ಲ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.