ಎರಡು ಸಾವಿರ ರೂಪಾಯಿ, ಎಂಟು ಉಡುಗೊರೆ

ಡಿಸೆಂಬರ್ ರಜೆಗೆ ಬೆಂಗಳೂರಿನಿಂದ ಮಂಗಳೂರಿಗೆ ಬರುವಾಗ ಎರಡು ಸಾವಿರ ರೂಪಾಯಿಯಲ್ಲಿ ಎಂಟು ಮಂದಿಗೆ ಏನು ತರಲಿ ಎಂದು ಕೇಳಿದ್ದೀರಿ. ಅಲ್ಲಿಂದ ಏನನ್ನೂ ಹೊತ್ತು ತರಬೇಡಿ. ಹಣವನ್ನು ಎಂಟು ಸಮಪಾಲು ಮಾಡುವುದೂ ಬೇಡ. ತಲೆಗೆ 250 ರೂಪಾಯಿಯ ಕಾಫಿ ಕಪ್ಪು ಕೊನೆಗೆ ಅಟ್ಟ ಸೇರುತ್ತದೆ.

ಅಮ್ಮನಿಗಾದರೆ ಒಡಹುಟ್ಟಿದವರೆಲ್ಲ ಸೇರಿ ಹಣ ಹಾಕಿ ಕೈಮಗ್ಗದ ಉಡುಪಿ ಸೀರೆ ಕೊಡಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಹತ್ತಿಯ ಸೀರೆ ಹಗುರ, ನಮ್ಮ ಬೆವರಿನ ಊರಿಗೆ ಹೇಳಿ ಮಾಡಿಸಿದ್ದು. ಅಜ್ಜಿಗೆ ಒಂದು ಚೆಂಡು ಶಂಕರಪುರ ಮಲ್ಲಿಗೆ ಸಾಕು. ಅದರ ದರ ದಿನದಿನಕ್ಕೂ ಏರಿಳಿಯುವುದರಿಂದ ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ನೆರೆಹೊರೆ. ಪಕ್ಕದ ಕ್ರೈಸ್ತರ ಮನೆಯಿಂದ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಬಂದರೆ ಅದನ್ನು ಬರಿದಾಗಿ ಹಿಂದಿರುಗಿಸಬೇಡಿ. ನನ್ನ ಅಮ್ಮ ನೆವ್ರಿ, ಕಿಡಿಯೊ, ಗುಳಿಯೊಗಳನ್ನು ಡಬ್ಬಕ್ಕೆ ಸುರಿದು, ತಟ್ಟೆ ತೊಳೆದು ಒರೆಸಿ, ಬೇಸಿಗೆಯಲ್ಲಿ ಒಣಗಿಸಿಟ್ಟ ಹಲಸಿನ ಹಪ್ಪಳದ ಕಟ್ಟೊಂದನ್ನು ಬಾಳೆನಾರಿನಲ್ಲಿ ಬಿಗಿದು ಇಡುತ್ತಿದ್ದರು. ಮರುವರ್ಷ ಆ ಮನೆಯ ಬಾಯಮ್ಮ ಗೇಟಿನಲ್ಲೇ ಕೇಳುತ್ತಿದ್ದರು, “ಹಪ್ಪಳ ಉಂಟಲ್ಲ?” ಸ್ವಂತ ಹಪ್ಪಳ ಇಲ್ಲದಿದ್ದರೆ ಮಾವಿನ ರಸ ಒಣಗಿಸಿದ ಮಾಂಬಳವೋ ಪುನರ್ಪುಳಿಯ (ಕೋಕಂ) ಸಿಪ್ಪೆಯೋ ಕೊಂಡು ಕೊಡಿ.

ಗೆಳೆಯರಿಗೆ ಗೋಡಂಬಿ ಸಾಕು, ಅಂಗಡಿಯ ಬಣ್ಣದ ಪೆಟ್ಟಿಗೆಯಲ್ಲಿ ಮಾತ್ರ ಬೇಡ: ಪೆಟ್ಟಿಗೆಗೂ ದುಡ್ಡು ನಿಮ್ಮದೇ. ಮಕ್ಕಳಿಗೆ ಬಣ್ಣದ ಪೆನ್ಸಿಲ್. ಅಪ್ಪನನ್ನು ಒಂದು ಸಂಜೆ ಪಣಂಬೂರು ಕಡಲತೀರಕ್ಕೆ ಕರೆದುಕೊಂಡು ಹೋಗಿ, ಮೊಬೈಲ್ ಮನೆಯಲ್ಲೇ ಇರಲಿ.